ಎಂಟರ ನಡುಗೆರೆ

ಅವರ ಹೆಸರು ಬರೆಯುತ್ತಿಲ್ಲ. ನಿಲಂಗಾದ ಬಟ್ಟೆ ವ್ಯಾಪಾರಿಗಳ ಮನೆತನದವರು ಎಂದರೆ ಅಲ್ಲಿಯವರಿಗೆ ಹೇಗೂ ಗೊತ್ತಾಗುತ್ತದೆ. ಉಳಿದವರಿಗೆ ಹೆಸರು ಗೊತ್ತಾಗಿ ಆಗಬೇಕಾದದ್ದು ಏನೂ ಇಲ್ಲ. ಗಡಿಯಾಚೆ ಉಮರ್ಗಾದಲ್ಲಿ ನಾವು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಮರಾಠಿ ಹೆಣ್ಣುಮಕ್ಕಳು ಅವರನ್ನು ‘ಕಾಚವಾಲೆ ಅಣ್ಣಾ’ ಎಂದು ಕರೆಯುತ್ತಿದ್ದರು, ಗಾಜಿನ ಅಣ್ಣ ಎಂಬ ಅರ್ಥದಲ್ಲಿ. ಕನ್ನಡದವರಾದ ನಾವು ನಾಲ್ಕಾರು ಮಂದಿ ಬರೀ ‘ಅಣ್ಣಾರು’ ಎನ್ನುತ್ತಿದ್ದೆವು.

ಹಣೆಗೆ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ. ಅಂಗಿಯ ಹೊಟ್ಟೆಯ ಭಾಗದಲ್ಲಿ ಆ್ಯಸಿಡ್ ಸಿಡಿದು ಆದ ಸಣ್ಣ ಸಣ್ಣ ತೂತುಗಳು. ಮದುವೆಯಾಗಿರಲಿಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ನಮ್ಮ ಸೀಮೆಯಲ್ಲಿ ಆ ದೊಡ್ಡ ಭೂಕಂಪವಾದಾಗ ಅವರ ಅಕ್ಕನ ಊರು ಪೂರ್ತಿ ನೆಲಸಮವಾಗಿತ್ತು. ಅಕ್ಕನನ್ನು ಕಲ್ಲುಗಳಡಿಯಿಂದ ಜೀವಂತವಾಗಿ ತೆಗೆದಿದ್ದರು. ಆಕೆಯನ್ನು ನೋಡಿಕೊಳ್ಳಲು ರಜೆ ಹಾಕಿ ಬಂದ ಅಣ್ಣಾರು ಮತ್ತೆ ಬೆಂಗಳೂರಿಗೆ ಹೋಗಲೇ ಇಲ್ಲ. ಆ ಸುಮಾರಿಗೆ ಉಮರ್ಗಾದ ಹೊರಗೆ ಹೆದ್ದಾರಿಯ ಬದಿಯಲ್ಲಿ ಒಬ್ಬರು ಕಾರ್ಖಾನೆ ಹಾಕುವವರಿದ್ದರು. ಮೀಟರು, ಯಂತ್ರ, ಗಡಿಯಾರಗಳ ಮುಖದಲ್ಲಿ ಅಂಕಿಗಳನ್ನು ತೋರಿಸುವ ಗಾಜು ತಯಾರಿಸುವ ಕೆಲಸ. ಆ ವಿದ್ಯೆ ಬಲ್ಲವರು ನಮ್ಮ ಸೀಮೆಯಲ್ಲಿ ಅಣ್ಣಾರು ಒಬ್ಬರೇ. ಮಾಲೀಕರು ಅವರ ಮನೆಗೇ ಹೋಗಿ ಕರೆತಂದರು.

ನಾನು ಭಾಲ್ಕಿ ಕಡೆಯವಳು, ಉಮರ್ಗಾಕ್ಕೆ ಕೊಟ್ಟ ಹೆಣ್ಣು. ಬಿ.ಎಸ್ಸಿ. ಓದಿದ್ದೆ. ಸಿದ್ಧವಾದ ಗಾಜುಗಳನ್ನು ಪರೀಕ್ಷಿಸುವ ಮೇಜಿಗೆ ನನ್ನನ್ನು ಹಾಕಿದರು. ಉಳಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಭೂಕಂಪದಲ್ಲಿ ಮನೆ ಕಳೆದುಕೊಂಡವರು, ಗಂಡನನ್ನೋ ಮಕ್ಕಳನ್ನೋ ಕಳೆದುಕೊಂಡವರು. ತಗಡಿನ ಶೆಡ್ಡುಗಳಿಂದ ಬರುತ್ತಿದ್ದರು.

ಮೊದಲ ವರ್ಷವೆಲ್ಲ ಒಂದು ತೊಂದರೆಯಿತ್ತು. ಹೆದ್ದಾರಿಯಲ್ಲಿ ಭಾರದ ಲಾರಿ ಹೋದರೆ ನೆಲ ಅದುರಿ, ಚೌಕಟ್ಟುಗಳಲ್ಲಿ ನಿಲ್ಲಿಸಿದ ಗಾಜಿನ ಹಾಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಕೂಡಲೇ ಹೆಣ್ಣುಮಕ್ಕಳೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಬಯಲಿಗೆ ಓಡುತ್ತಿದ್ದರು. ಎಷ್ಟೋ ಗಾಜು ಒಡೆದು ಹೋಗುತ್ತಿತ್ತು. ಮಾಲೀಕರು ಸಿಟ್ಟಾಗುತ್ತಿದ್ದರು. ಅಣ್ಣಾರು ಸಿಟ್ಟಾಗಲಿಲ್ಲ. ತಾವೂ ಅವರ ಹಿಂದೆ ಹೊರಗೆ ಬಂದು ನಿಂತು, ಎಲ್ಲರ ಉಸಿರು ತಹಬಂದಿಗೆ ಬಂದ ಮೇಲೆ, “ಲಾರಿ ಇತ್ತ್ರವ್ವಾ. ತುರೋರಿ ಕಡೆ ಹೊಂಟದ. ನಡೀರಿ, ಚಹಾ ಕುಡದು ಒಳಗ ಹೋಗಮು” ಎನ್ನುತ್ತಿದ್ದರು. ಆಮೇಲೆ ಚೌಕಟ್ಟುಗಳ ಕೆಳಗೆ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ ಹಾಸಿಸಿದರು. ಗಾಜು ಸುಮ್ಮನಾಯಿತು. ಓಟವೂ ನಿಧಾನಕ್ಕೆ ನಿಂತಿತು.

ನಾವು ಮಾಡುವುದು ಏನು ಎಂದು ಅವರು ನಮಗೆಲ್ಲ ಬಿಡಿಸಿ ಹೇಳಿದ್ದರು. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ, ಕರೆಂಟು ಹರಿಯುವ ಲೇಪವಿರುತ್ತದೆ. ಅದರಲ್ಲಿ ಬೇಕಾದಷ್ಟನ್ನು ಉಳಿಸಿ ಬೇಡದ್ದನ್ನು ಆ್ಯಸಿಡ್ಡಿನಲ್ಲಿ ತೊಳೆದರೆ ಉಳಿಯುವುದೇ ಎಲೆಕ್ಟ್ರೋಡು. ಅಂಕಿಯ ಒಂದೊಂದು ಗೆರೆಗೂ ಒಂದೊಂದು ತುಂಡು, ಆ ತುಂಡಿಗೆ ಗಾಜಿನ ಅಂಚಿನಿಂದ ಬರುವ ಒಂದು ಸಣ್ಣ ದಾರಿ. ಅದರ ಮೇಲೆ ಇನ್ನೊಂದು ಲೇಪ ಬಳಿದು, ಮಖಮಲ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಬೇಕು. ಎರಡು ಗಾಜುಗಳ ನಡುವೆ ದ್ರವಸ್ಫಟಿಕ ತುಂಬುತ್ತಾರೆ.

“ಜೋಳದ ಹೊಲಾ ನೋಡೀರಿಲ್ಲ?” ಎಂದಿದ್ದರು ಅಣ್ಣಾರು. “ಗಾಳಿ ಬಂದರ ದಂಟೆಲ್ಲಾ ಒಂದೇ ಕಡೀಗಿ ವಾಲತಾವ. ಇದರಾಗಿನ ಕಣಾನೂ ಹಂಗೇ. ನಾವು ಉಜ್ಜಿದ ದಿಕ್ಕಿಗಿ ಮಲಗತಾವ. ಕರೆಂಟ್ ಕೊಟ್ಟರ ಎದ್ದು ನಿಲ್ಲತಾವ. ಎದ್ದು ನಿಂತಲ್ಲಿ ಕರ್ರಗ ಕಾಣತದ. ಅಷ್ಟೇ ನೋಡ್ರಿ ನಮ್ಮ ಬಾಳೇವು.”

ಮಖಮಲ್ ಅವರದೇ ಅಂಗಡಿಯಿಂದ ಬರುತ್ತಿತ್ತು. ನಿಲಂಗಾದಲ್ಲಿ ಅವರ ತಮ್ಮ ಗಲ್ಲೆಯ ಮೇಲೆ ಕೂರುತ್ತಿದ್ದ. ಅಣ್ಣಾರು ಹೋಗಿ ಥಾನು ಬಿಚ್ಚಿಸಿ, ಅಂಗೈ ಆಡಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರಂತೆ. ಮದುವೆಯ ಬಟ್ಟೆಗೆ ಬಂದ ಹೆಂಗಸರು, “ಯಾರಿಗಿ ಕುಪ್ಪಸಾ ಹೊಲಸಲಿಕತ್ತಾರ ಇವರು?” ಎಂದು ನಗುತ್ತಿದ್ದರಂತೆ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಖವಾ, ಅಂದರೆ ಹಾಲಿನ ಕೋವಾ, ಅವರಿಗೆ ಪ್ರಾಣ. ಉದಗೀರಕ್ಕೆ ಯಾರು ಹೋದರೂ ಅವರಿಗೆ ಒಂದು ಪೊಟ್ಟಣ ತರಬೇಕಿತ್ತು.

ಒಳ್ಳೆಯವರನ್ನು ನೆನೆಯುವಾಗ ಬರೀ ಒಳ್ಳೆಯದನ್ನೇ ಬರೆದರೆ ಆ ಮನುಷ್ಯ ಸಿಕ್ಕುವುದಿಲ್ಲ. ಅಣ್ಣಾರಿಗೆ ತಮ್ಮ ಕೈಗೆಲಸದ ಬಗ್ಗೆ ಬಹಳ ಅಭಿಮಾನವಿತ್ತು. ಬೇರೆಯವರು ಇಷ್ಟು ಅಗಲದ ಗಾಜಿನಲ್ಲಿ ಮಾಡುವುದನ್ನು ತಾವು ಅದರ ಅರ್ಧದಲ್ಲಿ ಮಾಡಿದ್ದೇವೆ ಎಂದು ತೋರಿಸುವ ಆಸೆ. ಎಲೆಕ್ಟ್ರೋಡಿನ ನಕ್ಷೆ ಬಿಡಿಸುವಾಗ ದಾರಿಗಳನ್ನು ಕೂದಲೆಳೆಯಷ್ಟು ಸಣ್ಣ ಮಾಡಿ, ಸಂದಿಯಲ್ಲಿ ತೂರಿಸಿ, ಬೆಳಕಿಗೆ ಹಿಡಿದು, “ನೋಡ್ರಿ ಬಾಯಿ, ಎಲ್ಲಿಂದ ದಾಟಿಸೀನಿ” ಎನ್ನುತ್ತಿದ್ದರು. ನನ್ನನ್ನು ಅವರು ಮರಾಠಿಯ ರೂಢಿಯಂತೆ ‘ಬಾಯಿ’ ಎಂದೇ ಕರೆಯುತ್ತಿದ್ದರು. ಒಮ್ಮೆ ಅವರು ಆಯಿತು ಎಂದರೆ ಆಯಿತು. ಎರಡನೆಯ ಸಲ ಕೇಳಿದರೆ ಮುಖ ಗಂಟಾಗುತ್ತಿತ್ತು. ಎಲ್ಲವನ್ನೂ ಒಬ್ಬರೇ ತೀರ್ಮಾನಿಸುತ್ತಿದ್ದರು, ತೀರ್ಮಾನಿಸಿದ ಮೇಲೆ ಹೇಳುತ್ತಿದ್ದರು.

ಹಾಗೆ ಮಾಡಿದ ಗಾಜುಗಳಲ್ಲಿ ಒಂದು ಮೂರು ಅಂಕಿಯ ಗಾಜು. ಗೋಡೆಯಲ್ಲಿ ಎತ್ತರಕ್ಕೆ ಹಾಕುವ ವೋಲ್ಟೇಜ್ ಮೀಟರಿಗೆಂದು ಮಾಡಿದ್ದು. ಅದನ್ನು ಜನ ಕೆಳಗಿನಿಂದ ಕತ್ತೆತ್ತಿ ನೋಡುತ್ತಾರೆ, ಅದಕ್ಕೆ ತಕ್ಕ ದಿಕ್ಕಿನಲ್ಲಿ ಮಖಮಲ್ ಉಜ್ಜಿದ್ದೆವು. ಚೆನ್ನಾಗಿ ಹೋಯಿತು. ಆಮೇಲೆ ಬೇರೆ ಊರಿನ ಕಂಪನಿಯೊಂದು ರಕ್ತದೊತ್ತಡ ನೋಡುವ ಯಂತ್ರ ಮಾಡುತ್ತೇವೆ, ಭೂಕಂಪದ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಕೊಡುವುದಿದೆ, ಮೂರು ಅಂಕಿಯ ಗಾಜು ಬೇಕು ಎಂದಿತು. ಹೊಸ ನಕ್ಷೆ, ಹೊಸ ಅಚ್ಚು ಎಂದರೆ ತಿಂಗಳುಗಟ್ಟಲೆ ಕೆಲಸ. ಮಾಲೀಕರು ನನ್ನ ಮೇಜಿನ ಎದುರೇ ನಿಂತು ಕೇಳಿದರು.

“ಅಣ್ಣಾ, ಆ ಮೀಟರಿನ ಕಾಚೇ ಇದಕ್ಕ ನಡೀತದೇನು?”

ಅಣ್ಣಾರು ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಮೂರೂ ಎಂಟು ಕಪ್ಪಗೆ, ಅಚ್ಚುಕಟ್ಟಾಗಿ ಕಾಣುತ್ತಿದ್ದವು.

“ನಡೀತದ” ಎಂದರು.

ನಾನು ಸಾವಿರಾರು ಗಾಜುಗಳನ್ನು ಅದೇ ರೀತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಪಾಸು ಮಾಡಿದೆ.

ದಾಳಿಂಬ ಎಂಬ ಊರಿನ ಆಚೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸುಶೀಲಾ ಎಂಬ ನರ್ಸ್ ಇದ್ದರು, ಜನ ಸಿಸ್ಟರ್ ಎನ್ನುತ್ತಿದ್ದರು. ಬೀದರಿನವರು, ಕ್ರೈಸ್ತರು. ಆ ಊರಿನಲ್ಲಿ ಭೂಕಂಪದ ನಂತರ ಹುಟ್ಟಿದ ಮಕ್ಕಳೆಲ್ಲ ಹೆಚ್ಚುಕಡಿಮೆ ಅವರ ಕೈಯಲ್ಲಿ ಹುಟ್ಟಿದವು. ಗರ್ಭಿಣಿಯರ ತಪಾಸಣೆಯ ದಿನ ಮಹಾದೇವಿ ಎಂಬ ಹೆಣ್ಣುಮಗಳು ಬಂದಳು. ಆಳಂದ ಕಡೆಯಿಂದ ಆ ಊರಿಗೆ ಮದುವೆಯಾಗಿ ಬಂದವಳು, ಮೊದಲ ಬಸಿರು, ದಿನ ತುಂಬುತ್ತ ಬಂದಿತ್ತು. ತಲೆ ನೋಯುತ್ತದೆ, ಕಣ್ಣಿಗೆ ಮಬ್ಬು ಬರುತ್ತದೆ ಎಂದಳು. ಬಿಪಿ ಯಂತ್ರ ಗಿಡ್ಡ ಸ್ಟೂಲಿನ ಮೇಲಿತ್ತು. ಸಿಸ್ಟರ್ ನಿಂತುಕೊಂಡು ಕೆಳಗೆ ನೋಡಿದರು. ಮೇಲಿನ ಅಂಕಿ ನೂರು ಎಂದು ಕಂಡಿತು. ಅದು ಹೋಗಿ ಕೆಳಗಿನ ಒತ್ತಡದ ಅಂಕಿ ಬರಲು ಇನ್ನೂ ಕಾಯಬೇಕಿತ್ತು. ಹೊರಗೆ ಸಾಲು ಉದ್ದವಿತ್ತು, ಕಾಯಲಿಲ್ಲ. ಒತ್ತಡ ಕಡಿಮೆ ಇದೆ, ಅಶಕ್ತಿಯಿಂದ ತಲೆನೋವು ಎಂದುಕೊಂಡು, “ಉಪ್ಪು ಸಕ್ಕರಿ ನೀರು ಕುಡಿಯವ್ವ, ಆರಾಮ ಮಾಡು” ಎಂದು ಹೇಳಿ ಕಳಿಸಿದರು.

ಯಂತ್ರ ತೋರಿಸಿದ್ದು ನೂರಾ ಎಂಬತ್ತು.

ಮಹಾದೇವಿ ಮನೆಗೆ ಹೋಗಿ ಉಪ್ಪಿನ ನೀರು ಕುಡಿದಳು. ಮರುದಿನ ಮಧ್ಯಾಹ್ನ ಅವಳಿಗೆ ಫಿಟ್ಸ್ ಬಂತು. ಜೀಪಿನಲ್ಲಿ ಹಾಕಿಕೊಂಡು ಉಮರ್ಗಾಕ್ಕೆ, ಅಲ್ಲಿಂದ ಸೋಲಾಪುರಕ್ಕೆ ಒಯ್ದರು. ಅವಳು ಉಳಿದಳು. ಕೂಸು ಉಳಿಯಲಿಲ್ಲ.

ಸೋಲಾಪುರದ ಡಾಕ್ಟರು, ಇಷ್ಟು ಒತ್ತಡ ಒಂದು ದಿನದಲ್ಲಿ ಏರಿದ್ದಲ್ಲ, ತಪಾಸಣೆ ಮಾಡಿದವರಿಗೆ ಕಣ್ಣು ಇರಲಿಲ್ಲವೇ ಎಂದರಂತೆ. ಊರಿನ ಜನ ಸಿಸ್ಟರ್ ಅವರ ಕ್ವಾರ್ಟರ್ಸಿನ ಮುಂದೆ ನೆರೆದರು. ಅವರು ಯಂತ್ರ ನೋಡದೆಯೇ ಬಾಯಿಗೆ ಬಂದದ್ದು ಬರೆದಿದ್ದಾರೆ ಎಂದು ಮಾತಾಯಿತು. ಸಿಸ್ಟರ್ ಮಾತ್ರ “ನಾ ನೋಡೀನಿ, ನೂರೇ ಇತ್ತು” ಎನ್ನುತ್ತಲೇ ಇದ್ದರು. ಅವರನ್ನು ಕೆಲಸದಿಂದ ತಡೆಹಿಡಿದು ವಿಚಾರಣೆ ಇಟ್ಟರು. ಯಂತ್ರವನ್ನು ಕಂಪನಿಗೆ ಕಳಿಸಿದರು. ಕಂಪನಿ ಗಾಜನ್ನು ನಮ್ಮಲ್ಲಿಗೆ ಕಳಿಸಿತು. ನಾನು ಮೇಜಿನ ಮೇಲೆ ಇಟ್ಟು, ಎಲ್ಲ ಗೆರೆಗಳನ್ನೂ ಹೊತ್ತಿಸಿ, ಎದುರು ಹಿಡಿದು ನೋಡಿದೆ. ದೋಷವಿರಲಿಲ್ಲ. ಅಣ್ಣಾರೂ ನೋಡಿದರು. ಗಾಜು ಸರಿಯಾಗಿದೆ ಎಂದು ಬರೆದು ಕಳಿಸಿದೆವು. ಯಾರದೋ ಅಜಾಗರೂಕತೆಗೆ ನಮ್ಮ ಗಾಜನ್ನು ದೂರುತ್ತಾರೆ ಎಂದು ಅಣ್ಣಾರು ಆ ದಿನ ಸ್ವಲ್ಪ ಬೇಸರವನ್ನೂ ಪಟ್ಟುಕೊಂಡರು.

ಆಮೇಲೆ ಒಂದು ಮಧ್ಯಾಹ್ನ, ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಅಣ್ಣಾರು ನನ್ನ ಮೇಜಿನ ಪಕ್ಕದಲ್ಲಿ ನಿಂತರು. ಮೇಜಿನಲ್ಲಿ ಜಾಗವಿಲ್ಲದ್ದಕ್ಕೆ ನಾನು ಒಂದು ಗಾಜನ್ನು ಬ್ಯಾಟರಿ ಸಮೇತ ಕೆಳಗಿನ ಮಣೆಯ ಮೇಲೆ ಇಟ್ಟಿದ್ದೆ. ಅದರಲ್ಲಿ ಪರೀಕ್ಷೆಯ ಅಂಕಿ ಹೊತ್ತಿತ್ತು. ಪರೀಕ್ಷೆಗೆ ನಾವು ಯಾವಾಗಲೂ ಮೂರು ಎಂಟು ಹೊತ್ತಿಸುತ್ತಿದ್ದೆವು, ಏಕೆಂದರೆ ಎಂಟರಲ್ಲಿ ಎಲ್ಲ ಗೆರೆಗಳೂ ಇರುತ್ತವೆ. ಅಣ್ಣಾರು ಕೆಳಗೆ ನೋಡಿದರು. ಮಂಡಿಯೂರಿ ಕುಳಿತು ನೋಡಿದರು. ಎದ್ದು ನಿಂತರು. ಮತ್ತೆ ಕುಳಿತರು.

“ಯಾಕ್ರಿ ಅಣ್ಣಾರ, ಟೊಂಕ ಹಿಡೀತೇನು?” ಎಂದೆ.

“ಬಾಯಿ, ನೀವು ಎದ್ದು ನಿಂದ್ರಿ. ನಿಂತು ತೆಳಗ ನೋಡ್ರಿ. ಏನು ಕಾಣತದ?”

ನಿಂತು ನೋಡಿದೆ. ಅಂಕಿಗಳು ತೆಳುವಾಗಿದ್ದವು. ಅಕ್ಕಪಕ್ಕದ ಎರಡು ಎಂಟು ಹಾಗೇ ಇದ್ದವು. ನಡುವಿನ ಎಂಟರಲ್ಲಿ ಅಡ್ಡಗೆರೆ ಇರಲಿಲ್ಲ. ಅದು ಸೊನ್ನೆಯಾಗಿತ್ತು.

ನಾನು ಕುಳಿತು ನೋಡಿದೆ. ಎಂಟು. ನಿಂತು ನೋಡಿದೆ. ಸೊನ್ನೆ.

ಕಾರಣ ಅವರಿಗೆ ಆ ಕ್ಷಣವೇ ತಿಳಿದಿತ್ತು. ಕೆಳಗಿನಿಂದ ನೋಡಲೆಂದು ಉಜ್ಜಿದ ಗಾಜನ್ನು ಮೇಲಿನಿಂದ ನೋಡಿದರೆ ಎಲ್ಲ ಗೆರೆಗಳೂ ಮಸುಕಾಗುತ್ತವೆ. ನಡುವಿನ ಅಂಕಿಯ ಅಡ್ಡಗೆರೆಗೆ ಹೋಗುವ ದಾರಿ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಸಣ್ಣ. ಅಗಲ ಉಳಿಸಬೇಕೆಂದು ಅವರೇ ಸಂದಿಯಲ್ಲಿ ತೂರಿಸಿದ್ದ ದಾರಿ ಅದು. ಆ ಗೆರೆಗೆ ಕರೆಂಟು ಕೂದಲಷ್ಟು ಕಡಿಮೆ ತಲುಪುತ್ತಿತ್ತು. ಎದುರಿನಿಂದ ನೋಡಿದರೆ ಗೊತ್ತಾಗದು. ಮೇಲಿನಿಂದ ನೋಡಿದರೆ ಅದೊಂದೇ ಮೊದಲು ಅಳಿಸಿಹೋಗುತ್ತಿತ್ತು.

ಅಣ್ಣಾರು ಗಾಜನ್ನು ಎತ್ತಿಕೊಂಡು ಮಣೆಯ ಮೇಲೇ ಕುಳಿತುಬಿಟ್ಟರು.

“ಆ ಸಿಸ್ಟರ್ ಬಾಯಿಗಿ ನೂರೇ ಕಂಡಿತ್ತು” ಎಂದರು.

“ಪಾಸು ಮಾಡಿದಾಕಿ ನಾನ್ರಿ” ಎಂದೆ.

“ನೀವು ನಾ ಹೇಳಿದಂಗ ನೋಡೀರಿ. ಇದರಾಗ ಬರಬ್ಯಾಡ್ರಿ ನೀವು.” ಸಿಟ್ಟಿನಿಂದಲೇ ಹೇಳಿದರು. ಆ ತಪ್ಪಿನಲ್ಲಿ ಯಾರಿಗೂ ಪಾಲು ಕೊಡಲು ಅವರು ಒಪ್ಪಲಿಲ್ಲ.

ಅವತ್ತೇ ಅವರು ವಿಚಾರಣೆಯ ಅಧಿಕಾರಿಗಳ ಹತ್ತಿರ ಹೋಗಿದ್ದರೆ ನಾನು ಅವರ ಈ ವ್ಯಕ್ತಿಚಿತ್ರ ಬರೆಯುತ್ತಿರಲಿಲ್ಲವೋ ಏನೋ. ಅವರು ಹೋಗಲಿಲ್ಲ. ಅವರು ನಕ್ಷೆಯ ಕೋಣೆಗೆ ಹೋದರು. ಗಾಜು ಸರಿಮಾಡಿಕೊಂಡು ಹೋದರೆ ಎಲ್ಲರಿಗೂ ಒಳ್ಳೆಯದು, ಬರೀ ತಪ್ಪು ಹೇಳಿ ಬಂದರೆ ಕಾರ್ಖಾನೆ ಮುಚ್ಚಿ ಈ ಹೆಣ್ಣುಮಕ್ಕಳು ಬೀದಿಗೆ ಬೀಳುತ್ತಾರೆ ಎಂಬುದು ಅವರ ಲೆಕ್ಕ. ಮಾಲೀಕರಿಗೂ ಹೇಳಿದರು. ಮಾಲೀಕರು ಕೆಟ್ಟ ಮನುಷ್ಯರಲ್ಲ. ಬಹಳ ಹೊತ್ತು ತಲೆ ಹಿಡಿದುಕೊಂಡು ಕೂತು, “ಮೊದಲ ಹೊಸ ಕಾಚ್ ಮಾಡ್ರಿ ಅಣ್ಣಾ. ಆಮ್ಯಾಲ ಇಬ್ಬರೂ ಕೂಡಿ ಹೋಗಮು” ಎಂದರು.

ಅಣ್ಣಾರು ಹಗಲೆಲ್ಲ ಅದಕ್ಕೇ ಕೂತರು. ನಡುಗೆರೆಗೆ ಹೋಗುವ ದಾರಿಯನ್ನು ಅಗಲ ಮಾಡಿ, ಎರಡು ಕಡೆಯಿಂದ ಕೊಟ್ಟರು. ಮಖಮಲ್ ಉಜ್ಜುವ ದಿಕ್ಕನ್ನು ತಿರುಗಿಸಿದರು. ಒಂದು ಸಲ ಲೇಪ ಹಿಡಿಯಲಿಲ್ಲ, ಒಂದು ಸಲ ಅಚ್ಚು ಕೆಟ್ಟಿತು. ದಿನಗಳು ತಿಂಗಳುಗಳಾದವು. ಹೊಸ ಗಾಜನ್ನು ನೆಲದ ಮೇಲಿಟ್ಟು, ನಿಂತು, ಕುಳಿತು, ಪಕ್ಕದಿಂದ ನೋಡಿ, ಎಲ್ಲಿಂದ ನೋಡಿದರೂ ಎಂಟು ಎಂಟೇ ಆಗಿದೆ ಎಂದು ಖಾತ್ರಿ ಮಾಡಿಕೊಂಡು ಅವರು ಮಾಲೀಕರ ಜೊತೆ ವಿಚಾರಣೆಯ ಕಚೇರಿಗೆ ಹೊರಟರು.

ಅಲ್ಲಿ ಗೊತ್ತಾಯಿತು, ವಿಚಾರಣೆ ಮುಗಿದಿತ್ತು. ಸುಶೀಲಾ ಸಿಸ್ಟರ್ ಅವರನ್ನು ಕೆಲಸದಿಂದ ತೆಗೆದಿದ್ದರು. ಕ್ವಾರ್ಟರ್ಸ್ ಬಿಡುವ ದಿನ ಊರಿನ ಹುಡುಗರು ಅವರ ಪಾತ್ರೆ ಪಗಡೆಯನ್ನು ರಸ್ತೆಗೆ ಎಸೆದಿದ್ದರು. ಅವರು ಬೀದರಿಗೆ ಹೋಗಿಬಿಟ್ಟಿದ್ದರು.

ಅಣ್ಣಾರು ಅಧಿಕಾರಿಯ ಮುಂದೆ ಹಳೆಯ ಗಾಜನ್ನು ನೆಲದ ಮೇಲಿಟ್ಟು, “ಸಾಹೇಬರ, ಒಂದೀಟು ಎದ್ದು ನಿಂದ್ರಿ” ಎಂದರಂತೆ. ಸಾಹೇಬರು ಎದ್ದು ನಿಂತು ನೋಡಿದರು. ಕುಳಿತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

“ನಿಮಗ ಯಾವಾಗ ತಿಳೀತು ಇದು?”

ಅಣ್ಣಾರು ಸುಳ್ಳು ಹೇಳಲಿಲ್ಲ. ನಕ್ಷೆಯ ತಪ್ಪಿಗಿಂತ ಹೆಚ್ಚು ಅವರನ್ನು ಕೊನೆಯವರೆಗೂ ಕೊರೆದದ್ದು ಆ ಪ್ರಶ್ನೆಯೇ. ತಪ್ಪು ನಕ್ಷೆ ಗೊತ್ತಿಲ್ಲದೆ ಆದದ್ದು. ಸುಮ್ಮನಿದ್ದದ್ದು ಗೊತ್ತಿದ್ದೂ ಆದದ್ದು. “ನಾ ಕಾಚಿಗಿ ಮೊದಲ ನೋಡಿದೆ ಬಾಯಿ, ಮನುಷ್ಯಾರಿಗಿ ಆಮ್ಯಾಲ” ಎಂದು ನನ್ನ ಎದುರು ಎಷ್ಟು ಸಲ ಹೇಳಿದ್ದಾರೋ.

ಕಾರ್ಖಾನೆ ಮುಚ್ಚಲಿಲ್ಲ, ಆದರೆ ಅರ್ಧವಾಯಿತು. ಆ ಕಂಪನಿ ಕೈಬಿಟ್ಟಿತು. ಗಾಜು ಉಜ್ಜುವ ಕಡೆಯ ಹೆಣ್ಣುಮಕ್ಕಳನ್ನು ಮನೆಗೆ ಕಳಿಸಿದರು. ಅವರಲ್ಲಿ ಗಂಗಾಬಾಯಿ ಎಂಬವಳು ಭೂಕಂಪದಲ್ಲಿ ಗಂಡ, ಅತ್ತೆ ಇಬ್ಬರನ್ನೂ ಕಳೆದುಕೊಂಡವಳು. ಅಣ್ಣಾರು ರಾಜೀನಾಮೆ ಕೊಟ್ಟು ಹೊರಡುವ ದಿನ ಗೇಟಿನ ಹತ್ತಿರ ಅಡ್ಡ ನಿಂತಳು. “ಅಣ್ಣಾ, ಒಮ್ಮಿ ಭೂಮಿ ನಮ್ಮ ಮನಿ ಬೀಳಸ್ತು. ಈಗ ನೀವು ಬೀಳಸಿದ್ರಿ” ಎಂದಳು. ಅಣ್ಣಾರು ಕೈಮುಗಿದು ನಿಂತರು. ಆಕೆ ದಾರಿ ಬಿಡುವವರೆಗೂ ನಿಂತೇ ಇದ್ದರು.

ಆಮೇಲಿನ ದಿನಗಳಲ್ಲಿ ಅವರು ನಿಲಂಗಾದ ಅಂಗಡಿಯ ಮೇಲಿನ ಕೋಣೆಯಲ್ಲಿ ಉಳಿದರು. ಮಾಲೀಕರು ಹೊಸ ಗಾಜುಗಳನ್ನು ಹಣ ತೆಗೆದುಕೊಳ್ಳದೆ ಕೊಟ್ಟರು. ಅಣ್ಣಾರು ಕಚೇರಿಯ ಪರವಾನಗಿ ಪಡೆದು, ಆ ಯಂತ್ರ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಹೋಗಿ, ಬಿಚ್ಚಿ, ಹಳೆಯ ಗಾಜು ತೆಗೆದು ಹೊಸದು ಕೂರಿಸಿ ಬಂದರು. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಹಳ್ಳಿ. ಎಸ್‌ಟಿ ಬಸ್ಸು, ಶೇರ್ ಆಟೊ, ಕೆಲವು ಕಡೆ ಸೋಯಾಬೀನ್ ಚೀಲದ ಟ್ರ್ಯಾಕ್ಟರು. ನಾನೂ ಕೆಲವು ಕಡೆ ಜೊತೆಗೆ ಹೋದೆ. ಪ್ರತಿ ಕೇಂದ್ರದಲ್ಲೂ ಅವರು ನರ್ಸುಗಳನ್ನು ಕರೆದು, ಯಾಕೆ ಬದಲಿಸುತ್ತಿದ್ದೇವೆ ಎಂದು ಪೂರ್ತಿ ಕಥೆ ಹೇಳುತ್ತಿದ್ದರು. ‘ಗಾಜಿನಲ್ಲಿ ದೋಷವಿತ್ತು’ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಅವರು “ನನ್ನ ತಪ್ಪಿತ್ತು” ಎಂದೇ ಶುರು ಮಾಡುತ್ತಿದ್ದರು. ಖವಾ ತಿನ್ನುವುದನ್ನು ಬಿಟ್ಟರು. ಯಾರಾದರೂ ತಂದರೆ ಅಲ್ಲಿದ್ದವರಿಗೆ ಹಂಚುತ್ತಿದ್ದರು.

ಮಹಾದೇವಿಯ ಮನೆಗೆ ಹೋದಾಗ ನಾನು ಇದ್ದೆ. ನಾವು ಅಂಗಳದಲ್ಲಿ ಕುಳಿತೆವು. ಅವಳು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅಣ್ಣಾರು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅವಳ ಕೈ ಮೊರದಲ್ಲೇ ನಿಂತಿತ್ತು.

“ಖರೇ ಎಷ್ಟು ಇತ್ತ್ರಿ ಅದರಾಗ?” ಎಂದಳು.

“ನೂರಾ ಎಂಬತ್ತವ್ವ.”

“ಸಿಸ್ಟರ್ ಬಾಯಿಗಿ ನೂರು ಕಂಡದ.”

“ಹೌದು.”

“ನಾ ಆಕೀಗಿ ಶಾಪಾ ಹಾಕೀನ್ರಿ. ದಿನಾ ಎದ್ದು ಹಾಕೀನಿ. ಆಕಿ ಸಾಮಾನು ಒಗೆಯೋ ಮುಂದ ನಾ ಬಾಗಲದಾಗ ನಿಂತು ನೋಡೀನಿ.” ಮೊರವನ್ನು ಪಕ್ಕಕ್ಕೆ ಸರಿಸಿ, “ಈಗ ಆ ಶಾಪಾ ನಾ ಏನು ಮಾಡಲಿ?” ಎಂದು ಕೇಳಿದಳು.

“ನನಗ ಹಾಕವ್ವ” ಎಂದರು ಅಣ್ಣಾರು.

ಅವಳು ತಲೆಯೆತ್ತಿ ಅವರ ಮುಖವನ್ನು ನೋಡಿದಳು.

“ಮನಿ ಮಟಾ ಬಂದು ಕುಂತವರಿಗಿ ಹ್ಯಾಂಗ ಹಾಕಬೇಕ್ರಿ? ನೀವು ಬರಬಾರದಿತ್ತು. ಬರಲಿಲ್ಲಂದ್ರ ನಾ ಸಿಸ್ಟರ್ ಬಾಯಿ ಮ್ಯಾಲರ ಸಿಟ್ಟು ಇಟಗೊಂಡು ಇರತಿದ್ದೆ. ಈಗ ಅದೂ ಇಲ್ಲದಂಗ ಮಾಡಿದ್ರಿ.”

ಚಹಾ ಕೊಟ್ಟಳು. ಅಣ್ಣಾರು ಬಸಿಗೆ ಸುರಿದುಕೊಂಡು ಕುಡಿದರು. ನಾವು ಏಳುವಾಗ ಅವಳು, “ಸಿಸ್ಟರ್ ಬಾಯಿ ಎಲ್ಲಿದಾರೀಗ?” ಎಂದು ನನ್ನನ್ನು ಕೇಳಿದಳು. ಕಚೇರಿಯಲ್ಲಿ ಕೇಳಿ ಇಟ್ಟುಕೊಂಡಿದ್ದ ಬೀದರಿನ ವಿಳಾಸ ಹೇಳಿದೆ. ಅವಳು ಹೋದಳೋ ಇಲ್ಲವೋ ಆಗ ನನಗೆ ತಿಳಿಯಲಿಲ್ಲ.

ಸಿಸ್ಟರ್ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ವರ್ಷಗಳೇ ಹಿಡಿದವು. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಬೇಕಿತ್ತು. ಅಣ್ಣಾರು ಆ ಕಚೇರಿಗಳ ಬೆಂಚುಗಳ ಮೇಲೆ ಕೂತೇ ಮುದುಕರಾದರು. ಕೊನೆಗೆ ಆದೇಶ ಬಂತು, ಶಿರೂರ ಅನಂತಪಾಳದಲ್ಲಿ ಜಾಗ ಕೊಟ್ಟರು. ಅದಾದ ಮೇಲೆ ಅಣ್ಣಾರು ಆಗಾಗ ಅಲ್ಲಿಗೆ ಹೋಗುತ್ತಿದ್ದರು. ಒಂದು ಸಲ ನನ್ನನ್ನೂ ಕರೆದೊಯ್ದರು. ಸಿಸ್ಟರ್ ಕೂದಲು ಪೂರ್ತಿ ಬೆಳ್ಳಗಾಗಿದ್ದ, ಬಿಗಿದ ಮುಖದ ಹೆಂಗಸು. ಅಣ್ಣಾರು ಬೇವಿನ ಮರದ ಕೆಳಗೆ ನಿಂತು, “ಊಟ ಆತೇನ್ರಿ ಸಿಸ್ಟರ್?” ಎಂದರು. “ಆಗ್ಯಾದ್ರಿ” ಎಂದರು ಅವರು. “ಯಾವುದಾರ ಮಶೀನು ಕೆಟ್ಟದೇನ್ರಿ?” “ಇಲ್ರಿ.” “ಬರತೀನ್ರಿ ಹಂಗಾರ.” ಅಷ್ಟೇ. ಇಷ್ಟಕ್ಕೆ ನಿಲಂಗಾದಿಂದ ಬಸ್ಸು ಹತ್ತಿ ಬಂದಿದ್ದೆವು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ. “ಒಮ್ಮಿ ಬಾಯಿ ಬಿಟ್ಟು ಮಾಫ್ ಮಾಡ್ರಿ ಅಂತ ಕೇಳಬಾರದೇನ್ರಿ ಅಣ್ಣಾರ?”

ಅವರು ಕಿಟಕಿಯ ಕಡೆಗೆ ತಿರುಗಿ ಕುಳಿತರು. ಹೊರಗೆ ನೋಡುತ್ತಲೇ ಹೇಳಿದರು. “ಕೇಳಿದ್ರ ಅವರಿಗಿ ಇಲ್ಲ ಅನ್ನಲಿಕ್ಕಿ ಆಗಂಗಿಲ್ಲ ಬಾಯಿ. ಸಿಸ್ಟರ್ ಇದಾರ, ಪ್ರಾರ್ಥನಾ ಮಾಡೋರು, ಹೂಂ ಅಂತಾರ. ಅದು ನಾ ಅವರ ಮ್ಯಾಲ ಜುಲುಮಿ ಮಾಡಿದಂಗ ಆಗತದ. ಅಷ್ಟು ಕಳಕೊಂಡವರ ಕಡಿಂದ ಇನ್ನೂ ಏನು ಕಸಗೋಬೇಕು?”

ಆಗ ನನಗೆ ಅದು ದೊಡ್ಡ ಮಾತು ಎನಿಸಿತ್ತು.

ಅವರು ತೀರಿಕೊಂಡದ್ದು ಉದಗೀರದ ಆಸ್ಪತ್ರೆಯಲ್ಲಿ. ಮಣ್ಣು ನಿಲಂಗಾದಲ್ಲಾಯಿತು. ನಾನು ಹೋಗುವ ಹೊತ್ತಿಗೆ ಕುಣಿಯ ಸುತ್ತ ಜನ ನೆರೆದಿದ್ದರು. ಕಾರ್ಖಾನೆಯ ಹೆಣ್ಣುಮಕ್ಕಳು ಕೆಲವರು ಬಂದಿದ್ದರು. ಎಲ್ಲರಿಂದ ದೂರ, ಗೋಡೆಯ ಪಕ್ಕ, ಕೊಡೆ ಹಿಡಿದು ಸುಶೀಲಾ ಸಿಸ್ಟರ್ ನಿಂತಿದ್ದರು. ಕೆಲಸದಿಂದ ನಿವೃತ್ತರಾಗಿ ಬೀದರಿನಲ್ಲಿದ್ದರು. ಹತ್ತಿರ ಹೋಗಿ ಮಾತಾಡಿಸಿದೆ. ಬಂದದ್ದು ಒಳ್ಳೆಯದಾಯಿತು ಎಂದೆ. ಮಹಾದೇವಿ ಫೋನು ಮಾಡಿ ಹೇಳಿದಳು ಎಂದರು. ಮಹಾದೇವಿ ಎಂದೋ ಬೀದರಿಗೆ ಹೋಗಿ ಅವರ ಮನೆಯಲ್ಲಿ ಕೂತು ಅತ್ತು ಬಂದಿದ್ದಳಂತೆ. ಅವಳ ಮುಂದಿನ ಬಾಣಂತನಕ್ಕೆ ಇವರೇ ಹೋಗಿ ನಿಂತಿದ್ದರಂತೆ.

ನಾನು ಧೈರ್ಯ ಮಾಡಿ ಕೇಳಿದೆ. “ಅಣ್ಣಾರಿಗಿ ಮಾಫ್ ಮಾಡಿದ್ರೇನ್ರಿ ಸಿಸ್ಟರ್?”

“ಅವರು ಕೇಳಲೇ ಇಲ್ಲವ್ವ. ಪ್ರತಿ ಸಲ ಬಂದ್ರ ಊಟ ಆತೇನ್ರಿ ಅಂತಿದ್ರು. ಇವತ್ತು ಕೇಳತಾರ, ಇವತ್ತು ಕೇಳತಾರ ಅಂತ ನಾನೂ ಹಾದಿ ನೋಡತಿದ್ದೆ. ಕೇಳಿದ್ರ ಮೊದಲಿಗಿ ಒಂದೆರಡು ಮಾತು ಬೈಯಬೇಕಂತ ಇಟಗೊಂಡಿದ್ದೆ. ಬೈದು ಆಮ್ಯಾಲ ಕೊಡತಿದ್ದೆ.”

ನಾನು ಬಸ್ಸಿನಲ್ಲಿ ಅವರು ಹೇಳಿದ್ದನ್ನು ಹೇಳಿದೆ. ನಿಮಗೆ ಇಲ್ಲ ಎನ್ನಲು ಆಗುವುದಿಲ್ಲ, ಅದು ನಿಮ್ಮ ಮೇಲೆ ಜುಲುಮೆಯಾಗುತ್ತದೆ ಎಂದು ಅವರು ಕೇಳಲಿಲ್ಲ ಎಂದೆ. ಹೇಳಿದರೆ ಆಕೆಯ ಮನಸ್ಸು ಹಗುರಾಗಬಹುದು ಎಂದುಕೊಂಡಿದ್ದೆ.

ಸಿಸ್ಟರ್ ಕುಣಿಯ ಕಡೆಗೇ ನೋಡುತ್ತಿದ್ದರು.

“ಅದೂ ಅವರೊಬ್ಬರೇ ತೀರ್ಮಾನ ಮಾಡಿದ್ರಾ?” ಎಂದರು.

ಆಮೇಲೆ ಕೊಡೆ ಮಡಚಿ ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟು, ಜನರನ್ನು ಸರಿಸಿಕೊಂಡು ಮುಂದೆ ಹೋಗಿ, ಬಗ್ಗಿ ಎರಡೂ ಕೈಯಿಂದ ಮಣ್ಣು ತುಂಬಿಕೊಂಡರು. ಹಾಕದೆ ಹಾಗೇ ಹಿಡಿದುಕೊಂಡು ನಿಂತರು. ಅವರ ತುಟಿಗಳು ಅಲುಗುತ್ತಿದ್ದವು. ಬೈಯುತ್ತಿದ್ದರೆಂದು ನನಗೆ ಅಷ್ಟು ದೂರದಿಂದಲೂ ಗೊತ್ತಾಯಿತು. ಹಿಂದಿದ್ದವರು ಕಾದರು. ಬಹಳ ಹೊತ್ತಿನ ಮೇಲೆ ಅವರು ಕೈ ಬಿಚ್ಚಿ ಮಣ್ಣು ಹಾಕಿದರು.